ಅಗಸ್ತ್ಯ ಓಕೆ, ತಿಪ್ಪಣ್ಣ ಯಾಕೆ?

ಗಂಡುಮಗು ಹುಟ್ಟಿದ ಮನೆಯವರು ಈಗ ಕೇಳುವುದು ಒಂದೇ ಮಾತು. 'ಏನಾದ್ರೂ ಹಳೇ ಕಾಲದ ಹೆಸರು ಹೇಳಿ, ಟ್ರೆಡಿಷನಲ್ ಆಗಿರ್ಬೇಕು.' ಸರಿ, ಭೀಮಪ್ಪ ಅಂತ ಇಡಿ ಅಂದರೆ ಮುಖ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಇರುವುದು ಅಗಸ್ತ್ಯ, ಧ್ರುವ, ಅಥರ್ವ. ಹಳೆಯದೇ ಬೇಕು, ಆದರೆ ಅಜ್ಜನಷ್ಟು ಹತ್ತಿರದ ಹಳೆಯದು ಬೇಡ. ಋಷಿಮುನಿಗಳ ಕಾಲಕ್ಕೆ ಹೋದರೆ ಫ್ಯಾಷನ್, ಅಜ್ಜನ ಕಾಲಕ್ಕೇ ನಿಂತರೆ ಹಳ್ಳಿಗುಗ್ಗು. ಅಗಸ್ತ್ಯರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಅದೇ ಅನುಕೂಲ. ಭೀಮಪ್ಪ ಅಂದರೆ ಸಾಕು, ಎಲೆ ಅಡಿಕೆ ಜಗಿಯುತ್ತಾ ಕಟ್ಟೆಯ ಮೇಲೆ ಕೂತ ಒಬ್ಬ ಮನುಷ್ಯ ಬನಿಯನ್ ಸಮೇತ ಎದುರಿಗೆ ಬಂದುಬಿಡುತ್ತಾನೆ.

ಆ ಅಜ್ಜನ ಕಾಲದ ಹೆಸರುಗಳ ಗಮ್ಮತ್ತೇ ಬೇರೆ. ಹೆಸರು ಹೇಳಿದರೆ ಅರ್ಧ ವಿಳಾಸ ಹೇಳಿದ ಹಾಗೆ. ನಂಜುಂಡ ಅಂದರೆ ನಂಜನಗೂಡಿನ ಕಡೆಯವನು. ಮಾದೇಶ ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಳ್ಳುವ ಮನೆ. ಕೊಟ್ರೇಶ ಕೊಟ್ಟೂರಿನ ಸುತ್ತಲಿನವನು, ಗವಿಸಿದ್ದಪ್ಪ ಕೊಪ್ಪಳದವನು, ಶರಣಬಸಪ್ಪ ಕಲಬುರಗಿಯವನು. ಚೆಲುವರಾಜು ಅಂದರೆ ಮೇಲುಕೋಟೆಯ ಚೆಲುವನಾರಾಯಣ ಮನೆದೇವರಿರಬೇಕು. ವರನಟ ರಾಜ್‌ಕುಮಾರ್ ಅವರಿಗೂ ಹೆತ್ತವರಿಟ್ಟ ಹೆಸರು ಮುತ್ತುರಾಜ. ಕಾವೇರಿ ದಡದ ಮುತ್ತತ್ತಿಯ ಆಂಜನೇಯನ ಹೆಸರು ಅದು. ರಾಜ್‌ಕುಮಾರ್ ಆಗಿದ್ದು ಸಿನಿಮಾಕ್ಕೆ ಬಂದ ಮೇಲೆ.

ವಿಳಾಸದ ಜೊತೆಗೆ ಜಾತಿಯೂ ಗೊತ್ತಾಗುತ್ತಿತ್ತು ಅನ್ನುವುದನ್ನು ಮರೆಯುವ ಹಾಗಿಲ್ಲ. ಹೆಸರು ಕೇಳಿ ಲೋಟ ಬೇರೆ ಇಡುತ್ತಿದ್ದ ಊರುಗಳಿದ್ದವು. ಮಗನಿಗೆ ಸುಮ್ನೆ 'ಸುರೇಶ' ಅಂತ ಇಟ್ಟು ಪಾರಾದ ಅಪ್ಪಂದಿರನ್ನು ನಾನಂತೂ ಆಡಿಕೊಳ್ಳುವುದಿಲ್ಲ. ರಮೇಶ, ಉಮೇಶ, ಲೋಕೇಶ, ದಿನೇಶರ ದಂಡು ಹಾಗೇ ಬಂದಿದ್ದು ಅಂತ ನನ್ನ ಗುಮಾನಿ. ಒಂದು ತರಗತಿಯಲ್ಲಿ ಹಾಜರಿ ಕರೆದರೆ ಬರೀ 'ಶ' 'ಶ' ಅಂತ ಕುಕ್ಕರ್ ಕೂಗಿದ ಹಾಗಿರುತ್ತಿತ್ತು.

ಇನ್ನು ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ, ತಿರುಕಪ್ಪ. ಇವನ್ನು ಕೇಳಿದರೆ ಈಗಿನವರಿಗೆ ನಗು. ಆದರೆ ಹೆತ್ತ ಮಕ್ಕಳು ಒಂದಾದ ಮೇಲೊಂದು ತೊಟ್ಟಿಲಲ್ಲೇ ಹೋಗುತ್ತಿದ್ದ ಕಾಲ ಅದು. ಆಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, 'ಇದು ನಮ್ಮದಲ್ಲ, ಯಾರೋ ಬಿಸಾಕಿದ್ದು' ಅನ್ನುವ ಹಾಗೆ ಎತ್ತಿಕೊಂಡು ಬಂದು ತಿಪ್ಪಣ್ಣ ಅಂತ ಕರೆಯುತ್ತಿದ್ದರು. ಯಮನಿಗೂ ಬೇಡವಾಗಲಿ ಅಂತ. ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ ಗುಂಡಪ್ಪ. ಬೇಡಿ ತಂದ ಕೂಸು ಅಂತ ತಿರುಕಪ್ಪ. ಆ ತಾಯಂದಿರಿಗೆ ಚೆಂದದ ಹೆಸರು ಗೊತ್ತಿರಲಿಲ್ಲ ಅಂತಲ್ಲ. ಚೆಂದದ ಹೆಸರಿಗೆ ಹೆದರುತ್ತಿದ್ದರು, ಅಷ್ಟೇ. ಡಿ. ವಿ. ಗುಂಡಪ್ಪನವರು ಆ ಹೆಸರು ಹೊತ್ತೇ ಕನ್ನಡದಲ್ಲಿ ದೊಡ್ಡವರಾದರು. ಕುಪ್ಪಳಿಯ ಪುಟ್ಟಪ್ಪನವರಿಗೆ ಜ್ಞಾನಪೀಠ ಬರುವುದಕ್ಕೆ 'ಪುಟ್ಟಪ್ಪ' ಅಡ್ಡ ಬರಲಿಲ್ಲ. ಹಾಗಂತ ಹಳೆಯದೆಲ್ಲ ಹೊನ್ನಲ್ಲ. ಸಾಲಾಗಿ ಹೆಣ್ಣೇ ಹುಟ್ಟಿದರೆ ಕೊನೆಯದಕ್ಕೆ 'ಸಾಕವ್ವ' ಅಂತ ಇಟ್ಟವರೂ ಇದ್ದರು. ಅದು ಹೋಗಿದ್ದೇ ಒಳ್ಳೇದಾಯ್ತು.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿದ್ದು ಅಣ್ಣನಿಗೆ ಗಂಡುಮಗು ಹುಟ್ಟಿದಾಗ. ನಮ್ಮದು ಚಳ್ಳಕೆರೆ ಕಡೆ. ಅಪ್ಪನ ಹೆಸರು ತಿಪ್ಪೇರುದ್ರಪ್ಪ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು. ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ತಿಪ್ಪೇಸ್ವಾಮಿಗೆ, ತಪ್ಪಿದರೆ ಒಬ್ಬ ತಿಪ್ಪೇಶನಿಗೆ ಬೀಳುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ವಾಡಿಕೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣ ಒಂದೇ ಏಟಿಗೆ, 'ಅಪ್ಪನ ಹೆಸರೇ ಇಡೋಣ, ಇಡೀ ಹೆಸರು' ಅಂದ. ನಾವು ಅತ್ತಿಗೆಯ ಮುಖ ನೋಡಿದೆವು. ಅವಳು, 'ಚೆನ್ನಾಗಿದೆ, ಯಾರ ಮಕ್ಕಳಿಗೂ ಇರಲ್ಲ' ಅಂದಳು.

ಬೇಡ ಅಂದಿದ್ದು ಅಪ್ಪ.

'ನಿಮಗೇನು ಗೊತ್ತು ಆ ಹೆಸರು ಹೊತ್ಕೊಂಡು ಓಡಾಡೋದು? ದಾವಣಗೆರೆ ಹಾಸ್ಟೆಲಲ್ಲಿ ನನ್ನ ತಿಪ್ಪೆ ತಿಪ್ಪೆ ಅಂತಾನೇ ಕರೀತಿದ್ರು. ಬ್ಯಾಂಕಲ್ಲಿ ಟಿ. ರುದ್ರಪ್ಪ ಅಂತ ಸೈನ್ ಮಾಡಿ ಮೂವತ್ತು ವರ್ಷ ಮರ್ಯಾದೆ ಉಳಿಸ್ಕೊಂಡೆ. ಆ ಕೂಸು ಏನು ಪಾಪ ಮಾಡಿತ್ತು?' ಅಂದವರೇ ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಎಲ್‌ಐಸಿ ಡೈರಿಯಿಂದ ಹರಿದ ಹಾಳೆ. ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಆರ್ಯನ್, ವಿಹಾನ್, ಅದ್ವಿಕ್, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ 'ಝಿಯಾನ್'. ವಿಹಾನ್ ಕೆಳಗೆ ಎರಡು ಗೆರೆ ಎಳೆದಿದ್ದರು.

ಹಳೇ ಹೆಸರಿನ ಮೋಹ ಅದನ್ನು ಹೊರದವರಿಗೇ ಜಾಸ್ತಿ ಅಂತ ನನಗೆ ಅನ್ನಿಸಿದ್ದು ಆವತ್ತು. ಅಣ್ಣನ ಹೆಸರು ಕಿರಣ, ನನ್ನದು ಸುಮಾ. ನಮ್ಮನ್ನು ಯಾರೂ ಯಾವತ್ತೂ ಹೆಸರು ಹಿಡಿದು ಗೋಳು ಹುಯ್ದುಕೊಂಡಿಲ್ಲ. ತಿಪ್ಪೇರುದ್ರಪ್ಪ ಅಂದರೆ ನಮಗೆ ಮಣ್ಣಿನ ವಾಸನೆ. ಅಪ್ಪನಿಗೆ ಹಾಸ್ಟೆಲಿನ ವಾಸನೆ.

ಅಮ್ಮ ಬೇರೆಯೇ ತಕರಾರು ತೆಗೆದಳು. ಗಂಡನ ಹೆಸರನ್ನು ಅವಳು ಇದುವರೆಗೂ ಬಾಯಲ್ಲಿ ಹೇಳಿಲ್ಲ. ನಾಯಕನಹಟ್ಟಿ ಜಾತ್ರೆಗೆ ಹೋದರೂ 'ಹಟ್ಟಿ ಸ್ವಾಮಿ' ಅಂತಲೇ ಕೈಮುಗಿಯುತ್ತಾಳೆ. 'ಅದೇ ಹೆಸರಿಟ್ರೆ ನಾನು ಮೊಮ್ಮಗನ್ನ ಏನಂತ ಕರೀಲಿ?' ಹಿಂದೆಲ್ಲ ಇದೇ ಸಂಕಟಕ್ಕೆ ಮನೆಮನೆಯಲ್ಲೂ ಪುಟ್ಟ, ಅಪ್ಪು, ಅಪ್ಪಾಜಿ ಹುಟ್ಟಿಕೊಂಡಿದ್ದು. ಮಾವನ ಹೆಸರಿರುವ ಮಗನನ್ನು ಸೊಸೆ ಬೈಯುವುದಾದರೂ ಹೇಗೆ? 'ಏ ತಿಪ್ಪೇರುದ್ರ, ಸಗಣಿ ತುಳಿದು ಬಂದ್ಯಾ' ಅಂದರೆ ಜಗುಲಿಯಲ್ಲಿ ಕೂತ ಮಾವ ಎದ್ದು ಕಾಲು ನೋಡಿಕೊಳ್ಳಬೇಕಾಗುತ್ತದೆ.

ಹಾಗಂತ ಅಪ್ಪನ ಪಟ್ಟಿಗೂ ಅಮ್ಮ ಒಪ್ಪಲಿಲ್ಲ. ಒಂದೊಂದನ್ನೇ ಹಿತ್ತಿಲಲ್ಲಿ ನಿಂತು ಕೂಗಿ ನೋಡಿದಳು. ಹಳೇ ಹೆಸರುಗಳಿಗೆ ಕೊನೆಯಲ್ಲೊಂದು ಸ್ವರ ಇರುತ್ತದೆ. ನಂಜುಂಡಾ... ಭೀಮಾ... ಅಂತ ಎಳೆದರೆ ಎರಡು ಹೊಲದಾಚೆ ಕೇಳುತ್ತದೆ. ಅದ್ವಿಕ್ ಗಕ್ಕನೆ ನಿಂತುಬಿಡುತ್ತದೆ, ಎಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅಮ್ಮ ತಾನೇ ಒಂದು ಬಾಲ ಸೇರಿಸಿ 'ಅದ್ವಿಕೂ...' ಅಂದಳು. ಪಕ್ಕದ ಮನೆಯ ನಾಯಿ ಎದ್ದು ನಿಂತಿತು. ಆ ಹೆಸರು ಅಲ್ಲಿಗೇ ಹೋಯಿತು.

ಕೊನೆಗೆ ಅಯ್ನೋರ ಹತ್ತಿರ ಹೋದೆವು. ಅವರು ಪಂಚಾಂಗ ತೆಗೆದು, ಆರಿದ್ರಾ ನಕ್ಷತ್ರ, ಮೂರನೇ ಪಾದ ಅಂದರು. ಆರಿದ್ರೆಯ ನಾಲ್ಕು ಪಾದಕ್ಕೆ ಕು, ಘ, ಙ, ಛ. ನಮ್ಮ ಪಾಲಿಗೆ ಬಂದಿದ್ದು 'ಙ'. ಒಂದನೇ ಕ್ಲಾಸಿನಲ್ಲಿ ಕಲಿತ ಮೇಲೆ ಆ ಅಕ್ಷರದ ಮುಖ ನಾವ್ಯಾರೂ ನೋಡಿರಲಿಲ್ಲ. ಅತ್ತಿಗೆ ಮೊಬೈಲಿನಲ್ಲಿ ಹುಡುಕಿದಳು. 'ಙ'ದಿಂದ ಶುರುವಾಗುವ ಹೆಸರು ಮೊಬೈಲಿಗೂ ಗೊತ್ತಿರಲಿಲ್ಲ. ಅಯ್ನೋರು ನಕ್ಕು, 'ಅಕ್ಷರ ಬಿಡಿ, ಆರಿದ್ರೆಗೆ ಅಧಿದೇವತೆ ರುದ್ರ. ಅವನ ಹೆಸರು ಇಟ್ಕೊಳ್ಳಿ' ಅಂದರು.

ಅಣ್ಣ ಕಣ್ಣರಳಿಸಿದ. ಅಪ್ಪನ ಹೆಸರಿನಿಂದ ತಿಪ್ಪೆ ತೆಗೆದರೆ ಉಳಿಯುವುದು ಅದೇ ಅಲ್ವಾ? ಬೆಂಗಳೂರಿನ ಪಾರ್ಕಿನಲ್ಲೂ ಈಗ 'ರುದ್ರ' ನಡೆಯುತ್ತದೆ. ಅಗಸ್ತ್ಯನ ಪಕ್ಕ ಜಾರುಬಂಡೆಯಲ್ಲಿ ಕೂರಬಹುದು.

ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರ ಹಿಡಿದು ಅಣ್ಣ ಬರೆದ. ಒತ್ತಕ್ಷರ ಅಕ್ಕಿಯಲ್ಲಿ ಸರಿಯಾಗಿ ಮೂಡದೆ ಮೊದಲು 'ರುದ' ಆಯಿತು, ಆಮೇಲೆ ತಿದ್ದಿದ. ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. 'ರುದ್ರ' ಅಂತ ಮೂರು ಸಲ ಹೇಳಿದೆ. ಜೊತೆಗೆ ಯಾರಿಗೂ ಕೇಳದ ಹಾಗೆ ಒಂದು ಸಲ ಇಡೀ ಹೆಸರನ್ನೂ ಹೇಳಿದೆ.

ಕಾಗದದ ಕೆಲಸ ಬಾಕಿಯಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಒಂದು ಒಳ್ಳೆ ಅನುಕೂಲ ಉಂಟು. ಹುಟ್ಟಿದ್ದನ್ನು 21 ದಿನದೊಳಗೆ ಬರೆಸಬೇಕು, ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾಗಿ ಒಂದು ವರ್ಷದವರೆಗೆ ಅದಕ್ಕೆ ಶುಲ್ಕವೂ ಇಲ್ಲ. ಈ ವಿಷಯವನ್ನು ನಾನು ಸುಮ್ನೆ ಅಪ್ಪನ ಮುಂದೆ ಬಾಯಿಬಿಟ್ಟೆ. ಈಗ ವಾರಕ್ಕೊಂದು ಸಲ ಫೋನ್ ಮಾಡುತ್ತಾರೆ. 'ಇನ್ನೂ ಬರೆಸಿಲ್ಲ ತಾನೇ? ವಿಹಾನ್ ಬಗ್ಗೆ ನಿಮ್ಮಣ್ಣಂಗೆ ಒಂದ್ಮಾತು ಹೇಳಮ್ಮ.'