ಮೂರು ಲಕ್ಷಕ್ಕೆ ಇಡೀ ಬೆಂಗಳೂರು

ಬೆಂಗಳೂರನ್ನ ಒಂದ್ಸಲ ಮೂರು ಲಕ್ಷ ರೂಪಾಯಿಗೆ ಮಾರಿದಾರೆ ಗೊತ್ತಾ? ಸೈಟ್ ಅಲ್ಲ, ಲೇಔಟೂ ಅಲ್ಲ, ಕೋಟೆ ಪೇಟೆ ಕೆರೆ ಎಲ್ಲಾ ಸೇರಿಸಿ ಊರಿಗೆ ಊರೇ. ಈಗ ಅಷ್ಟು ದುಡ್ಡು ಕೋರಮಂಗಲದಲ್ಲಿ ಎರಡು ಬೆಡ್‌ರೂಮಿನ ಮನೆ ಅಡ್ವಾನ್ಸಿಗೆ ಸಾಕಾದ್ರೆ ಪುಣ್ಯ, ಬ್ರೋಕರ್ ಕಮಿಷನ್ ಬೇರೆ.

ಸ್ಕೂಲಲ್ಲಿ ನಾವು ಓದಿದ್ದು 1537, ಕೆಂಪೇಗೌಡ್ರು ಊರು ಕಟ್ಟಿದ್ರು, ಅಲ್ಲಿಂದ ಸೀದಾ ಟಿಪ್ಪುಗೆ ಜಂಪ್. ಮಜಾ ಇರೋದೇ ನಡುವೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದು ಊರು ಹಿಡಿದ, ಗೌಡರ ಮನೆತನ ಮಾಗಡಿ ಕಡೆ ಹೋಯ್ತು, ಬೆಂಗಳೂರು ಜಹಗೀರಾಗಿ ಷಹಾಜಿ ಪಾಲಾಯ್ತು, ಅದೇ ಶಿವಾಜಿಯ ಅಪ್ಪ. ಆಮೇಲೆ ಇನ್ನೊಬ್ಬ ಮಗ ಏಕೋಜಿಗೆ ಬಂತು. ಅವನು 1670ರ ದಶಕದಲ್ಲಿ ತಂಜಾವೂರು ಗೆದ್ದು ಅಲ್ಲೇ ಸೆಟ್ಲ್ ಆಗ್ಬಿಟ್ಟ. ಕಾವೇರಿ ಬಯಲಿನ ಭತ್ತದ ಸೀಮೆ ಕೈಲಿರೋವಾಗ ಈ ರಾಗಿ ಸೀಮೆ ಯಾರಿಗೆ ಬೇಕು, ದೂರದಲ್ಲಿರೋ ಎನ್ನಾರೈ ಓನರ್ ಥರ ಸಿಕ್ಕಿದ ರೇಟಿಗೆ ಕೊಟ್ಟು ಕೈತೊಳ್ಕೊಳ್ಳೋಣ ಅಂತ ಗಿರಾಕಿ ಹುಡುಕಿದ.

ಗಿರಾಕಿ ಪಕ್ಕದಲ್ಲೇ ಇದ್ದ. ಮೈಸೂರಿನ ಚಿಕ್ಕದೇವರಾಜ ಒಡೆಯರು, ನವಕೋಟಿ ನಾರಾಯಣ ಅಂತಲೇ ಬಿರುದು, ಅಂದ್ಮೇಲೆ ಖಜಾನೆ ಹೇಗಿತ್ತು ಅಂತ ಲೆಕ್ಕ ಹಾಕಿ. ಮಾತು ಮೂರು ಲಕ್ಷಕ್ಕೆ ನಿಂತಿತ್ತು. ಅಷ್ಟರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಬಿದ್ದು, 1687ರಲ್ಲಿ ಅವನ ಸೇನಾಪತಿ ಖಾಸಿಂ ಖಾನ್ ಬೆಂಗಳೂರಿಗೇ ಬಂದು ಬಾವುಟ ಹಾರಿಸ್ಬಿಟ್ಟ. ಏಕೋಜಿ ಡೀಲ್ ಢಮಾರ್. ಆದ್ರೆ ಖಾಸಿಂ ಖಾನ್ ಏನ್ ಮಾಡ್ದ ಅಂದ್ರೆ, ಊರನ್ನ ಅದೇ ಗಿರಾಕಿಗೆ ಅದೇ ಮೂರು ಲಕ್ಷಕ್ಕೆ ಕೊಟ್ಟ! ಮಾರಾಟ ಅಲ್ಲಪ್ಪ, ಗುತ್ತಿಗೆ ಅನ್ನೋರೂ ಇದಾರೆ. ಏನೇ ಅನ್ನಿ, ಊರು ಮೈಸೂರಿಗೆ ಬಂತು.

ತೀರಾ ಚೀಪ್ ಅಂತ ನಗೋದೂ ಬೇಡ. ಮೊಗಲರ ರೂಪಾಯಿ ಅಂದ್ರೆ ಹತ್ತಿರ ಹತ್ತಿರ ಹನ್ನೊಂದೂವರೆ ಗ್ರಾಂ ಬೆಳ್ಳಿ, ಮೂರು ಲಕ್ಷ ಅಂದ್ರೆ ಮೂರೂವರೆ ಟನ್ ಹತ್ತಿರ ಆಗತ್ತೆ. ಎಷ್ಟು ಎತ್ತಿನ ಗಾಡಿ ಬೇಕು, ಆ ಚೀಲಗಳನ್ನ ಎಣಿಸ್ತಾ ಕೂತ ಗುಮಾಸ್ತರ ಬೆರಳು ಏನಾಗಿರ್ಬೇಡ.

ನಂಗೆ ಇದರಲ್ಲಿ ಭಾಳ ಇಷ್ಟ ಆಗಿದ್ದು ಬೇರೆ. ಬೆಂಗಳೂರು ಕೈಬಿಟ್ಟ ಮೊಗಲರು ತಮಗೆ ಅಂತ ಇಟ್ಕೊಂಡ ಊರು ಯಾವುದು ಹೇಳಿ? ಶಿರಾ! ಹೌದು, ಪುಣೆ ಹೈವೇಲಿ ಬಸ್ ನಿಂತಾಗ ಟೀ ಕುಡೀತೀವಲ್ಲ ಅದೇ ಶಿರಾ, ಅಲ್ಲೇ ಅವರ ಈ ಕಡೆ ಸುಬಾದ, ಅಂದ್ರೆ ಪ್ರಾಂತ್ಯದ, ಹೆಡ್‌ಕ್ವಾರ್ಟರ್ಸ್. ಅವತ್ತಿನ ರಿಯಲ್ ಎಸ್ಟೇಟ್ ಬ್ರೋಕರ್ ಇದ್ದಿದ್ರೆ ಶಿರಾದಲ್ಲಿ ಸೈಟ್ ತಗೊಳ್ಳಿ ಸಾರ್, ಬೆಂಗಳೂರಲ್ಲಿ ಗ್ರೋತ್ ಇಲ್ಲ ಅಂತಿದ್ನೇನೋ.

ಚಿಕ್ಕದೇವರಾಜರು ಕಟ್ಟಿಸಿದ್ದು ಅನ್ನೋ ಕೋಟೆ ವೆಂಕಟರಮಣನ ಗುಡಿ ಈಗಲೂ ಸಿಟಿ ಮಾರ್ಕೆಟ್ ಹತ್ರ ಟಿಪ್ಪು ಅರಮನೆ ಪಕ್ಕದಲ್ಲೇ ಇದೆ, ಹೊರಗಡೆ ಹಾರ್ನ್ ಹೊಡ್ಕೊಂಡು ನುಗ್ಗೋ ಆಟೋ ಬಸ್ಸು, ಒಳಗೆ ಹೋದ್ರೆ ಕಾಲಿಗೆ ತಣ್ಣಗಿನ ಕಲ್ಲು. ಊರು ಕೊಂಡ್ಕೊಂಡವರ ಗುಡಿ ಇದು ಅಂತ ಬೋರ್ಡಲ್ಲಿ ಹಾಕಿದ್ರೆ ಚೆನ್ನಾಗಿತ್ತು.

ಇಷ್ಟು ದುಡ್ಡು ಸುರಿದು ತಗೊಂಡ ಊರನ್ನ ಎಪ್ಪತ್ತು ವರ್ಷದ ಮೇಲೆ ಮೈಸೂರಿನವರು ಹೈದರಾಲಿಗೆ ಜಹಗೀರಾಗಿ ಕೊಟ್ರು. 1760ರಲ್ಲಿ ಶ್ರೀರಂಗಪಟ್ಟಣದಲ್ಲಿ ತನ್ನದೇ ದಿವಾನನಾಗಿದ್ದ ಖಂಡೇರಾಯ ತಿರುಗಿಬಿದ್ದಾಗ ಹೈದರ್ ರಾತ್ರೋರಾತ್ರಿ ಓಡಿ ಬಂದಿದ್ದು ಇದೇ ಬೆಂಗಳೂರಿಗೆ, ಇಲ್ಲಿನ ಸಾಹುಕಾರರ ಹತ್ರ ಸಾಲ ಎತ್ತಿ ಮತ್ತೆ ಸೈನ್ಯ ಕಟ್ಟಿ ಮರುವರ್ಷ ಇಡೀ ಮೈಸೂರನ್ನೇ ಕೈಗೆ ತಗೊಂಡ.