ಕೆಪ್ಲರ್ 16ಬಿ, ವಯಾ ತಲಪಾಡಿ

ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ನಮ್ಮ ಜಗಲಿಗೆ ಲೋಕದ ಸುದ್ದಿಯೆಲ್ಲ ಬಂದು ಹೋಗ್ತದೆ. ಮೊನ್ನೆ ತಂಗಿಯ ಮಗಳು ಫೋನ್ ನೋಡುತ್ತ ಹೇಳಿದಳು, "ಮಾವ, ಎಲ್ಲಿಯೋ ಒಂದು ಗ್ರಹ ಉಂಟಂತೆ. ಅದಕ್ಕೆ ಎರಡು ಸೂರ್ಯ!"

"ಅದರಲ್ಲಿ ಎಂತ ವಿಶೇಷ? ನಮಗೂ ಎರಡು ಉಂಟಲ್ಲ. ಒಂದು ತಿರುವನಂತಪುರದಲ್ಲಿ, ಇನ್ನೊಂದು ಬೆಂಗಳೂರಲ್ಲಿ" ಎಂದೆ.

ತಮಾಷೆಗೆ ಹೇಳಿದ್ದು. ಆದರೆ ಅವಳು ಓದುತ್ತಾ ಹೋದ ಹಾಗೆ ನನ್ನ ಕೈ ನಿಂತಿತು. ಮಾರಾಯ್ರೆ, ಅದು ಆಕಾಶದ ಕತೆಯೇ ಅಲ್ಲ, ನಮ್ಮ ಕಾಸರಗೋಡಿನದ್ದು.

ಗ್ರಹದ ಹೆಸರು ಕೆಪ್ಲರ್ 16ಬಿ. ಪಾಪ, ಸ್ವಂತ ಹೆಸರಲ್ಲ. ಸೂರ್ಯನ ಹೆಸರಿಗೆ ಒಂದು 'ಬಿ' ಅಂಟಿಸಿದ್ದು. ನಾಸಾದ ಕೆಪ್ಲರ್ ದೂರದರ್ಶಕ ಹಿಡಿದು ಕೊಟ್ಟ ಈ ಗ್ರಹದ ಸುದ್ದಿ ಹೊರಬಿದ್ದದ್ದು 2011ರಲ್ಲಿ. ಗಾತ್ರ ಹೆಚ್ಚುಕಮ್ಮಿ ಶನಿಯಷ್ಟು. ಅದರ ಸೂರ್ಯರಿಬ್ಬರೂ 41 ದಿನಕ್ಕೊಮ್ಮೆ ಒಬ್ಬರ ಸುತ್ತ ಒಬ್ಬರು ತಿರುಗುವುದರಲ್ಲೇ ಮಗ್ನ. ಗ್ರಹ ಇಬ್ಬರಿಗೂ ಸೇರಿಸಿ 229 ದಿನಕ್ಕೊಂದು ಪ್ರದಕ್ಷಿಣೆ ಹಾಕ್ತದೆ. ಇಷ್ಟು ಸುತ್ತಿಯೂ ಅಲ್ಲಿ ಸೊನ್ನೆಗಿಂತ 70ರಿಂದ 100 ಡಿಗ್ರಿ ಕೆಳಗಿನ ಚಳಿ. ಎರಡು ಸೂರ್ಯರಿದ್ದೂ ಕೈ ಕಾಯಿಸಿಕೊಳ್ಳಲು ಒಂದು ಕೆಂಡ ಇಲ್ಲ!

ನಮ್ಮ ಸೂರ್ಯರಿಬ್ಬರೂ ಹುಟ್ಟಿದ್ದು ಒಂದೇ ದಿನ, 1956ರ ನವೆಂಬರ್ 1. ಅತ್ತ ಕೇರಳಪ್ಪಿರವಿ, ಇತ್ತ ರಾಜ್ಯೋತ್ಸವ. ಬೆಳಿಗ್ಗೆ ನಮ್ಮ ಕನ್ನಡ ಶಾಲೆಯ ಮಕ್ಕಳು ಕೇರಳದ ಹುಟ್ಟುಹಬ್ಬಕ್ಕೆ ಹಾಡು ಹೇಳ್ತಾರೆ. ಸಂಜೆ ಗಡಿ ದಾಟಿ ಹೋದ ಹಿರಿಯರಿಗೆ ಅಲ್ಲಿ 'ಗಡಿನಾಡ ಕನ್ನಡಿಗರು' ಅಂತ ಶಾಲು ಹೊದೆಸ್ತಾರೆ. ನನ್ನ ಹತ್ತಿರ ಅಂಥ ಶಾಲು ಏಳು ಉಂಟು. ಆ ಗ್ರಹದ ಚಳಿಗೆ ಏಳೂ ಸಾಲದು.

ಕಳೆದ ತಿಂಗಳು ತೋಟದ ಕಾಗದದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಮಲಯಾಳದ ಫಾರ್ಮು ಕೊಟ್ಟರು. "ಕನ್ನಡದ್ದು ಉಂಟಾ?" ಎಂದು ಕೇಳಿದೆ. ಗುಮಾಸ್ತ ಒಳ್ಳೆ ಜನ. ಕಪಾಟು ತೆರೆದು, ತಳದಿಂದ ಒಂದು ಕಟ್ಟು ಎಳೆದು, ಧೂಳು ಹೊಡೆದು ಒಂದು ಹಾಳೆ ಕೊಟ್ಟ. ನಿಜಕ್ಕೂ ಕನ್ನಡದ ಫಾರ್ಮು! ಮುತ್ತು ಪೋಣಿಸಿದ ಹಾಗೆ ತುಂಬಿ ಕೊಟ್ಟೆ. ಆತ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. "ಇದನ್ನು ಓದುವವರು ಇಲ್ಲಿ ಯಾರೂ ಇಲ್ಲ. ಮಲಯಾಳದ್ದೂ ಒಂದು ತುಂಬಿ, ಇದಕ್ಕೆ ಪಿನ್ ಮಾಡಿ ಕೊಡಿ" ಎಂದ. ಹೊರಗೆ ಬೆಂಚಿನಲ್ಲಿ ಕೂತವನೊಬ್ಬ ಮೂವತ್ತು ರೂಪಾಯಿಗೆ ತುಂಬಿಸಿ ಕೊಟ್ಟ. ನನ್ನ ಹೆಸರು ಶಂಕರ. ರಶೀದಿಯಲ್ಲಿ ಶಂಕರನ್. ಮೂವತ್ತು ರೂಪಾಯಿಗೆ ಒಂದು 'ನ್' ಫ್ರೀ.

ಹಾಗಾದರೆ ಇನ್ನೊಂದು ಸೂರ್ಯನ ಹತ್ತಿರ ಹೋಗುವ ಅಂದರೆ, ಅಲ್ಲಿ ಪರೀಕ್ಷೆ. ಈ ಹುಡುಗಿ ಹತ್ತನೇ ಕ್ಲಾಸಿನ ತನಕ ಓದಿದ್ದು ಕನ್ನಡ ಮೀಡಿಯಂನಲ್ಲಿ. ಗಡಿನಾಡ ಕೋಟಾದಲ್ಲಿ ಸೀಟು ಬೇಕಾದರೆ ಕನ್ನಡ ಬರ್ತದೆ ಅಂತ ಬರೆದು ತೋರಿಸಬೇಕು. ಬರೆಯಲಿಕ್ಕೆ ಹೋಗುವಾಗ ಬಸ್ಸಿನಲ್ಲಿ ಎದುರು ಕೂತ ಬೆಂಗಳೂರಿನ ಹುಡುಗ, "ಕನ್ನಡ ಮಾತಾಡಕ್ಕೆ ಬರುತ್ತೆ ಅಂಕಲ್, ಓದಕ್ಕೆ ಬರಲ್ಲ" ಅಂದ. ಅವನಿಗೆ ಪರೀಕ್ಷೆ ಇಲ್ಲ. ಅವನು ಒಳಗಿನವ ಅಲ್ವಾ.

ಅಷ್ಟು ದೂರದ ಗ್ರಹ ಗೊತ್ತಾದದ್ದು ಹೇಗೆ ಅಂತ ಕೇಳಿದೆ. ಅದು ದೊಡ್ಡ ಸೂರ್ಯನಿಗೆ ಅಡ್ಡ ಬಂದಾಗ ಬೆಳಕು ಒಂಚೂರು ಮಂಕಾಯಿತಂತೆ. ನೂರಕ್ಕೆ ಬರೀ 1.7ರಷ್ಟು. ನಾವು ಗೊತ್ತಾಗುವುದೂ ಹೀಗೆಯೇ, ಲೆಕ್ಕಕ್ಕೆ ಅಡ್ಡ ಬಂದಾಗ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು 89 ವೋಟಿನ ಮೇಲೆ. ವೋಟು ಕೇಳುವ ಕಾಗದಕ್ಕೆ ಕನ್ನಡ ಓದುವವರು ಇಲ್ಲ ಅಂತ ಯಾರೂ ಹೇಳಿದ್ದು ನೆನಪಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಆ ಗ್ರಹ ಈಗಿರುವಲ್ಲಿಂದ ಸ್ವಲ್ಪ ಒಳಗೆ ಹೋದರೂ ಸೂರ್ಯರಿಬ್ಬರ ಎಳೆದಾಟಕ್ಕೆ ಸಿಕ್ಕಿ ಆಚೆ ಬಿಸಾಡಲ್ಪಡಬಹುದಂತೆ. ನನಗೆ ತಕ್ಷಣ ತಲಪಾಡಿ ನೆನಪಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ಈಚೆಗೇ ಉಳಿದರು. ಶಾಲು ಹೊದೆಸುವವರ ಬಾಯಿಗೆ ಆಗ ಮಾಸ್ಕ್ ಇತ್ತು. ಅದಕ್ಕೆ ಮಾತು ಕೇಳಿಸಲಿಲ್ಲ ಅಂತ ಕಾಣ್ತದೆ.

ಕೆಪ್ಲರ್ 16 ಇರುವುದು ಸುಮಾರು 245 ಜ್ಯೋತಿರ್ವರ್ಷ ದೂರದಲ್ಲಿ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟಾಗ ನಮ್ಮಲ್ಲಿ ಹೈದರಾಲಿಯ ಕಾಲ. ಬೆಳಕು ದಾರಿಯಲ್ಲಿದ್ದ ಹಾಗೆಯೇ ಟಿಪ್ಪು ಹೋದ, ಕಂಪನಿ ಬಂತು, ಮದ್ರಾಸಿನವರು ಆಳಿದರು, ಆಮೇಲೆ ಕೇರಳ. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಲಿ ಅಂತ ವರದಿ ಕೊಟ್ಟಿತು. ಬೆಳಕು ಬಂದು ಮುಟ್ಟಿತು. ವರದಿ ಇನ್ನೂ ದಾರಿಯಲ್ಲೇ ಉಂಟು.

"ಈಗ ಅದು ಅಡ್ಡ ಬರುವುದೂ ಕಾಣುವುದಿಲ್ಲವಂತೆ ಮಾವ" ಎಂದಳು ಹುಡುಗಿ. ಗ್ರಹದ ದಾರಿ ಸ್ವಲ್ಪ ಸ್ವಲ್ಪ ವಾಲುತ್ತಾ 2018ರ ಹೊತ್ತಿಗೆ ನಮ್ಮ ನೋಟದಿಂದ ತಪ್ಪಿದೆ. ಮತ್ತೆ ಕಾಣುವುದು 2042ರ ಸುಮಾರಿಗೆ.

ಅಮ್ಮ ಅಷ್ಟು ಹೊತ್ತು ಸುಮ್ನೆ ಕೇಳ್ತಾ ಇದ್ದರು. "ಅಲ್ಲಿಯ ತನಕ ಅದು ಇಲ್ಲವಾ?" ಎಂದರು.

"ಇರ್ತದೆ ಅಜ್ಜಿ. ಕಾಣುವುದಿಲ್ಲ ಅಷ್ಟೆ."

"ಹಾಗಾದರೆ ಅದಕ್ಕೂ ಮಸ್ಟರಿಂಗ್ ಮಾಡಿಸ್ಲಿಕ್ಕೆ ಉಂಟು." ಪಿಂಚಣಿಗೆ ವರ್ಷವೂ ಬೆರಳೊತ್ತಿ, ನಾನು ಬದುಕಿದ್ದೇನೆ ಅಂತ ತೋರಿಸುವ ಶಾಸ್ತ್ರ ಅದು. ಅಮ್ಮ ಅಡಿಕೆ ಕರೆಯ ಕಪ್ಪು ಹಿಡಿದ ಹೆಬ್ಬೆರಳು ನೋಡಿಕೊಂಡರು. "ನನ್ನ ಬೆರಳು ಮೆಷಿನಿಗೆ ಹಿಡಿಯಲಿಲ್ಲ ಅಂತ ಎರಡು ಸರ್ತಿ ವಾಪಸು ಕಳಿಸಿದ್ರು. ಅದಕ್ಕೆ ಬೆರಳಾದರೂ ಉಂಟಾ?"