ಮನೆಯಲ್ಲಿ ಕರೆಂಟ್ ಹೋದರೆ ಸರ್ವರ್ ಕೆಲಸ ಯಾಕೆ ನಿಲ್ಲಬೇಕು?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆಯಲ್ಲೇ ಕೂತು ಎಲ್ಲೋ ಇರುವ ಸರ್ವರ್‌ಗಳನ್ನು ನೋಡಿಕೊಳ್ಳುವ ಮಕ್ಕಳಿಗೆಲ್ಲ ನಾನು ಹೇಳುವುದು ಒಂದೇ. ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರ್ ಒಳಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಆದ ಕೂಡಲೇ ಟಿಮಕ್ಸ್ (tmux) ಶುರು ಮಾಡಿ. ನಮ್ಮ ಕನೆಕ್ಷನ್ ಹೋದರೂ ಸರ್ವರ್‌ನಲ್ಲಿ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಪ್ರೋಗ್ರಾಮ್ ಅದು. ಉಳಿದ ಕೆಲಸ ಆಮೇಲೆ.

ನಮ್ಮ ಮಳೆಗಾಲ ಗೊತ್ತಲ್ವಾ. ಅಡಿಕೆ ಮರವೋ ತೆಂಗಿನ ಮಡಲೋ ತಂತಿ ಮೇಲೆ ಬಿತ್ತು ಅಂದರೆ ಕರೆಂಟೂ ಇಲ್ಲ, ವೈಫೈಯೂ ಇಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿ ಒಂದು ದೊಡ್ಡ ಡೇಟಾಬೇಸ್ ರೀಸ್ಟೋರ್ ಮಾಡುತ್ತಿದ್ದಳು. ಮುಕ್ಕಾಲು ಆಗಿತ್ತು, ಅಷ್ಟರಲ್ಲಿ ಹೋಯಿತು. ಕರೆಂಟ್ ಬಂದ ಮೇಲೆ ನೋಡಿದರೆ ಮೊದಲಿಂದ ಶುರು ಮಾಡಬೇಕು. "ಅಣ್ಣಾ, ಕರೆಂಟ್ ಹೋದದ್ದು ನಮ್ಮ ಮನೆಯಲ್ಲಿ, ಅಲ್ಲಿ ಯಾಕೆ ನಿಂತಿತು?" ಅಂತ ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ ಅದು. ನಾವು ಲಾಗಿನ್ ಆದಾಗ ಅಲ್ಲಿ ಒಂದು ಶೆಲ್ (ನಮ್ಮ ಕಮಾಂಡ್ ತೆಗೆದುಕೊಂಡು ಓಡಿಸುವ ಪ್ರೋಗ್ರಾಮ್) ತೆರೆದುಕೊಳ್ಳುತ್ತದೆ, ನಾವು ಕೊಟ್ಟ ಕಮಾಂಡ್ ಅದರ ಕೈಕೆಳಗೆ ಓಡುತ್ತದೆ. ಕನೆಕ್ಷನ್ ಕಡಿದದ್ದು ಸರ್ವರ್‌ಗೆ ಗೊತ್ತಾದಾಗ ಹ್ಯಾಂಗಪ್ ಸಿಗ್ನಲ್, ಅಂದರೆ ಸಂಪರ್ಕ ಕಡಿಯಿತು ಅನ್ನುವ ಸೂಚನೆ, ಹೋಗುತ್ತದೆ, ಶೆಲ್ ಜೊತೆ ಸಾಮಾನ್ಯವಾಗಿ ಆ ಕೆಲಸವೂ ಮುಗಿಯುತ್ತದೆ. ಟಿಮಕ್ಸ್ ಇದ್ದರೆ ಶೆಲ್ ಟಿಮಕ್ಸ್‌ನ ಕೆಳಗಿರುತ್ತದೆ, ನಮ್ಮ ಕನೆಕ್ಷನ್‌ಗೆ ಕಟ್ಟುಬಿದ್ದಿರುವುದಿಲ್ಲ. ಕಂಟ್ರೋಲ್ ಹಿಡಿದು ಬಿ ಒತ್ತಿ, ಬಿಟ್ಟು, ಡಿ ಒತ್ತಿ ಹೊರಗೆ ಬನ್ನಿ, ಊಟ ಮಾಡಿ, ಮತ್ತೆ ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ (tmux attach) ಅಂತ ಕೊಡಿ. ಬಿಟ್ಟ ಪರದೆ ಹಾಗೇ ಇರುತ್ತದೆ, ಕೆಲಸ ಮಾತ್ರ ಮುಂದೆ ಹೋಗಿರುತ್ತದೆ. ಕನೆಕ್ಷನ್ ತಾನಾಗಿ ಕಡಿದರೂ ಅಷ್ಟೇ.

ಇದೇನು ಹೊಸ ವಿಷಯ ಅಲ್ಲ. ಇದೇ ಕೆಲಸ ಮಾಡುವ ಸ್ಕ್ರೀನ್ ಅನ್ನುವ ಪ್ರೋಗ್ರಾಮ್ 1987ರಿಂದ ಇದೆ, ಟಿಮಕ್ಸ್ ಬಂದದ್ದು 2007ರಲ್ಲಿ. ಎರಡೂ ಉಚಿತ. ಹಾಗಿದ್ದರೂ ಟ್ರೈನಿಂಗ್ ಸೆಂಟರ್‌ನವರು ಮೊದಲ ವಾರವೇ ಇದನ್ನು ಯಾಕೆ ಕಲಿಸುವುದಿಲ್ಲವೋ! ಆ ಹುಡುಗಿ ಕೈತುಂಬಾ ದುಡ್ಡು ಕೊಟ್ಟು ಕೋರ್ಸ್ ಮಾಡಿದ್ದಾಳೆ, ಟಿಮಕ್ಸ್ ಹೆಸರು ಕೂಡ ಕೇಳಿರಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ನಗರದ ಆಫೀಸಲ್ಲಿ ಕೂತವರಿಗಿಂತ ಇದು ಜಾಸ್ತಿ ಬೇಕಾದದ್ದು ನಮ್ಮಂಥ ಊರಿನವರಿಗೇ.

ವೈಫೈಯಿಂದ ಮೊಬೈಲ್ ಡೇಟಾಗೆ ಆಗಾಗ ಬದಲಾಯಿಸುವವರು ಮೋಶ್ (ಎಸ್‌ಎಸ್‌ಎಚ್‌ನಂತೆಯೇ ದೂರದ ಸರ್ವರ್‌ನಲ್ಲಿ ಕೆಲಸ ಮಾಡಲು ಇರುವ ಪ್ರೋಗ್ರಾಮ್) ಕೂಡ ನೋಡಿ. ಐಪಿ ವಿಳಾಸ (ನೆಟ್‌ನಲ್ಲಿ ನಮ್ಮ ಗುರುತಿನ ಸಂಖ್ಯೆ) ಬದಲಾದರೂ ಅದು ಬಿಟ್ಟುಹೋಗುವುದಿಲ್ಲ. ಆದರೆ ಅದಕ್ಕೆ ಸರ್ವರ್‌ನಲ್ಲಿ ಯುಡಿಪಿ ಪೋರ್ಟ್ (ಡೇಟಾ ಬಂದುಹೋಗುವ ಒಂದು ಬಗೆಯ ಬಾಗಿಲು) ತೆರೆದಿರಬೇಕು, ಮತ್ತೆ ಲ್ಯಾಪ್‌ಟಾಪೇ ಆಫ್ ಆದರೆ ಆ ಸೆಷನ್ ವಾಪಸ್ ಸಿಗುವುದಿಲ್ಲ. ಹಾಗಾಗಿ ಮೋಶ್ ಒಳಗೂ ಟಿಮಕ್ಸ್ ಇರಲಿ. ಇನ್ನೊಂದು, ಸರ್ವರೇ ರೀಬೂಟ್ ಆದರೆ ಟಿಮಕ್ಸ್ ಕೂಡ ಉಳಿಯುವುದಿಲ್ಲ. ಸದಾ ಓಡಬೇಕಾದ ಕೆಲಸವನ್ನು ಸಿಸ್ಟಮ್‌ಡಿ ಸರ್ವಿಸ್ (ಸರ್ವರ್ ಆನ್ ಆದಾಗ ತಾನಾಗಿ ಶುರುವಾಗುವಂತೆ ಇಡಬಹುದಾದ ಕೆಲಸ) ಮಾಡಿಡಿ.

ಕನ್ನಡದಲ್ಲಿ ಕಲಿಯಬೇಕು ಅನ್ನುವವರು ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ, ಲ್ಯಾಪ್‌ಟಾಪ್ ತಂದರೆ ಸಾಕು.